ಪೀಠಿಕೆಯಲ್ಲೇ ತೀರ್ಪು ಬೇಡ: ಪತ್ತೇದಾರಿ ಆರ್‌ಪಿಜಿಯ ಮೊದಲ ವಿಮರ್ಶೆಗಳನ್ನು ಓದುವ ಬಗೆ

ತಾಳಮದ್ದಳೆ ಕೇಳಿ ಬೆಳೆದ ಕಾಸರಗೋಡಿನವರಿಗೆ ‘ಡಿಸ್ಕೊ ಎಲಿಸಿಯಂ’ ಎಂಬ ವಿಡಿಯೊ ಗೇಮನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ವೇಷವಿಲ್ಲ, ಕುಣಿತವಿಲ್ಲ, ಜಗಳವೆಲ್ಲ ಮಾತಿನಲ್ಲೇ. ನೆನಪು ಪೂರ್ತಿ ಅಳಿಸಿಹೋದ ಒಬ್ಬ ಪೊಲೀಸ್ ಪತ್ತೇದಾರ ಇದ್ದಾನೆ. ಅವನ ತಲೆಯೊಳಗೆ 24 ಮಂದಿ ಅರ್ಥಧಾರಿಗಳು, ಅಂದರೆ ಪಾತ್ರವಾಗಿ ಮಾತಾಡುವವರು, ಕೂತಿದ್ದಾರೆ. ಒಬ್ಬನಿಗೆ ತರ್ಕ, ಒಬ್ಬನಿಗೆ ಭಯ, ಒಬ್ಬನಿಗೆ ಕುಡಿತದ ಚಪಲ, ಮತ್ತೊಬ್ಬನಿಗೆ ಯಾರೂ ಕೇಳದ ವಿಶ್ವಕೋಶದ ಸಂಗತಿಗಳನ್ನು ಹೊತ್ತುಗೊತ್ತಿಲ್ಲದೆ ಒದರುವ ಹುಚ್ಚು. (ಇಂಥ ಅರ್ಥಧಾರಿ ಪ್ರತಿ ಊರಿನಲ್ಲೂ ಒಬ್ಬರಾದರೂ ಉಂಟು.) ಎದುರಿಗಿರುವ ಸಾಕ್ಷಿಯ ಜೊತೆ ಮಾತು ನಡೆಯುತ್ತಿರುವಾಗಲೇ ಇವರು ನಡುವೆ ಬಾಯಿ ಹಾಕುತ್ತಾರೆ, ತಮ್ಮತಮ್ಮಲ್ಲೇ ಕಚ್ಚಾಡುತ್ತಾರೆ, ಕೆಲವೊಮ್ಮೆ ತಪ್ಪು ಸಲಹೆಯನ್ನೂ ಕೊಡುತ್ತಾರೆ. ಯಾರಿಗೆ ಎಷ್ಟು ಮಾತಿನ ಅವಕಾಶ ಎಂಬುದನ್ನು ಆಡುವವರು ಮೊದಲೇ ತೀರ್ಮಾನಿಸಬೇಕು.

ಈ ಆಟ ಬಿಡುಗಡೆಯಾದದ್ದು 2019ರ ಅಕ್ಟೋಬರ್ 15ರಂದು. ಅಲ್ಲಿಯವರೆಗೆ ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್) ಎಂದರೆ ಪಾತ್ರವನ್ನು ಬೆಳೆಸಿ, ಆಯುಧ ಕೂಡಿಸಿ, ಹೊಡೆದಾಡುವ ಆಟ ಎಂಬುದೇ ಬಹುತೇಕರ ಲೆಕ್ಕವಾಗಿತ್ತು. ಹೊಡೆದಾಟದ ವ್ಯವಸ್ಥೆಯೇ ಇಲ್ಲದ, ಎಸ್ಟೋನಿಯಾ ಮೂಲದ ‘ಜಾ/ಉಮ್’ ಎಂಬ ಹೊಸ ತಂಡದ ಮೊದಲ ಆಟದ ಮೇಲೆ ಕುತೂಹಲದಷ್ಟೇ ಅನುಮಾನವೂ ಇತ್ತು. ಅದರ ಮುಖ್ಯ ಬರಹಗಾರ ರಾಬರ್ಟ್ ಕುರ್ವಿಟ್ಜ್ ಮೂಲತಃ ಕಾದಂಬರಿಕಾರ. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಆಟಕ್ಕೆ ನಾಲ್ಕು ಪ್ರಶಸ್ತಿ ಬಂದವು, ಅನುಮಾನ ಅಲ್ಲಿಗೆ ಮುಗಿಯಿತು. ಅದರ ಪರಿಣಾಮ ಇವತ್ತಿಗೂ ಇದೆ. ಪತ್ತೇದಾರಿ ಕಥೆಯ ಯಾವ ಆರ್‌ಪಿಜಿಯ ಟ್ರೇಲರ್ ಬಂದರೂ ‘ಇದು ಡಿಸ್ಕೊ ಎಲಿಸಿಯಂ ಥರ’ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ಮೊದಲ ವಿಮರ್ಶೆಗಳಿಂದ ತಿಳಿಯಬಹುದೇ? ತಿಳಿಯಬಹುದು. ಆದರೆ ಆ ವಿಮರ್ಶೆಗಳು ಯಾವ ಪರಿಸ್ಥಿತಿಯಲ್ಲಿ ಹುಟ್ಟುತ್ತವೆ, ಒಳಗಿನ ದಾಳದ ಲೆಕ್ಕ ಹೇಗೆ ಎಂಬುದು ಗೊತ್ತಿರಬೇಕು.

ಬಿಡುಗಡೆಗೆ ತಿಂಗಳುಗಳ ಮೊದಲು ಬರುವುದು ಪ್ರಿವ್ಯೂ. ಕಂಪನಿ ಆರಿಸಿಕೊಟ್ಟ ಒಂದೆರಡು ಗಂಟೆಯ ಭಾಗವನ್ನು ಮಾತ್ರ ಆಡಿ ಬರೆದದ್ದು ಅದು. ತಾಳಮದ್ದಳೆಯಲ್ಲಿ ಪೀಠಿಕೆ ಕೇಳಿದಷ್ಟೇ ಆಯಿತು. ಪೀಠಿಕೆ ಸೊಗಸಾಗಿ ಹೇಳಿದ ಕಲಾವಿದರು ಸಂವಾದಕ್ಕೆ ಬಂದಾಗ ತಡವರಿಸುವುದನ್ನು ಎಲ್ಲರೂ ಕಂಡಿದ್ದಾರೆ. ಕಥೆಯ ಆಟದಲ್ಲೂ ಹೀಗೆಯೇ. ಮೊದಲ ಎರಡು ಗಂಟೆಯನ್ನು ತಂಡ ವರ್ಷಗಟ್ಟಲೆ ತಿದ್ದಿರುತ್ತದೆ, ಕೊನೆಯ ಐದು ಗಂಟೆಗೆ ಅಷ್ಟು ಸಮಯ ಸಿಕ್ಕಿರುವುದಿಲ್ಲ. ಹಾಗಾಗಿ ಪ್ರಿವ್ಯೂನಿಂದ ಬರವಣಿಗೆಯ ಧಾಟಿ ಮತ್ತು ಚಿತ್ರದ ಶೈಲಿ ಮಾತ್ರ ಗೊತ್ತಾಗುತ್ತದೆ. ತನಿಖೆಯ ಎಳೆಗಳು ಕೊನೆಗೆ ಕೂಡಿಕೊಳ್ಳುತ್ತವೆಯೇ ಎಂಬುದು ಗೊತ್ತಾಗುವುದಿಲ್ಲ.

ಆಮೇಲೆ ರಿವ್ಯೂ ಕಾಪಿ. ಬಿಡುಗಡೆಗೆ ಕೆಲವು ದಿನ ಅಥವಾ ಒಂದೆರಡು ವಾರ ಮುಂಚೆ ವಿಮರ್ಶಕರಿಗೆ ಆಟ ಸಿಗುತ್ತದೆ. ಅದರೊಡನೆ ಎಂಬಾರ್ಗೊ ಎಂಬ ಕರಾರು ಇರುತ್ತದೆ: ಇಂಥ ದಿನ ಇಂಥ ಗಂಟೆಗೆ ಮೊದಲು ಪ್ರಕಟಿಸಬಾರದು, ಕಥೆಯ ಇಂಥ ಘಟ್ಟದ ನಂತರದ್ದನ್ನು ಬಿಟ್ಟುಕೊಡಬಾರದು. ಹೆಚ್ಚಿನ ವಿಮರ್ಶೆಗಳು ಒಂದೇ ಗಂಟೆಯಲ್ಲಿ ದಬದಬ ಬಂದು ಬೀಳುವುದು ಇದರಿಂದ. ಗುಟ್ಟು ಬಿಡಬಾರದ ಪತ್ತೇದಾರಿ ಕಥೆಯಲ್ಲಿ ಈ ಕರಾರು ವಿಮರ್ಶಕರ ಕೈಯನ್ನು ಇನ್ನಷ್ಟು ಕಟ್ಟುತ್ತದೆ. ಅಂತ್ಯ ಸಪ್ಪೆ ಎನಿಸಿದರೂ ಯಾಕೆ ಸಪ್ಪೆ ಎಂದು ಬಿಡಿಸಿ ಹೇಳುವಂತಿಲ್ಲ. ‘ಕೊನೆಯ ಭಾಗದಲ್ಲಿ ಗತಿ ಸ್ವಲ್ಪ ಅವಸರದ್ದೆನಿಸಿತು’ ಎಂಬ ಮೆತ್ತನೆಯ ಸಾಲು ಕಂಡರೆ ಅಲ್ಲಿ ಒಂದು ಕ್ಷಣ ನಿಲ್ಲಿ. ದೊಡ್ಡ ದೂರೇ ಆ ಚಿಕ್ಕ ಮಾತಿನೊಳಗೆ ಅಡಗಿರಬಹುದು.

ಸಮಯದ ಲೆಕ್ಕವನ್ನೂ ನೋಡಿ. ಡಿಸ್ಕೊ ಎಲಿಸಿಯಂನಲ್ಲಿರುವ ಪಠ್ಯ ಹತ್ತು ಲಕ್ಷ ಪದಕ್ಕೂ ಮೇಲೆ. ನಿಮಿಷಕ್ಕೆ 250 ಪದದಂತೆ ಓದಿದರೂ ಪೂರ್ತಿ ಓದಲು 66 ಗಂಟೆ ಮಿಕ್ಕಿ ಬೇಕು. ಒಮ್ಮೆ ಆಡಿದರೆ ಅದರಲ್ಲಿ ಒಂದು ಪಾಲು ಮಾತ್ರ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಸಾಮಾನ್ಯವಾಗಿ 25-35 ಗಂಟೆಯಲ್ಲಿ ಆಟ ಮುಗಿಯುತ್ತದೆ. ವಾರದೊಳಗೆ ವಿಮರ್ಶೆ ಬರೆಯಬೇಕಾದವರು ಎರಡನೇ ಸಲ ಆಡುವುದು ಅಪರೂಪ. ಅವರು ಬರೆಯುವುದು ಅವರಿಗೆ ಕಂಡ ಆಟದ ಬಗ್ಗೆ. ಅದು ನಿಮಗೆ ಕಾಣುವ ಆಟವೇ ಆಗಬೇಕೆಂದಿಲ್ಲ.

ಯಾಕೆ ಎಂಬುದಕ್ಕೆ ಉತ್ತರ ದಾಳದಲ್ಲಿದೆ.

ಆಟದಲ್ಲಿ ನಾಲ್ಕು ಮೂಲ ಗುಣಗಳು: ಇಂಟಲೆಕ್ಟ್, ಸೈಕಿ, ಫಿಸೀಕ್, ಮೋಟೊರಿಕ್ಸ್. ಸರಳವಾಗಿ ಬುದ್ಧಿ, ಮನಸ್ಸು, ಮೈಕಟ್ಟು, ಕೈಚಳಕ ಎನ್ನಬಹುದು. ಒಂದೊಂದರಡಿ ಆರು ಕೌಶಲ, ಒಟ್ಟು 24. ಶುರುವಿನಲ್ಲಿ ನಾಲ್ಕಕ್ಕೂ ಸೇರಿ 12 ಅಂಕ ಹಂಚಬೇಕು. ಯಾವುದಕ್ಕೂ 1ಕ್ಕಿಂತ ಕಡಿಮೆ ಇಲ್ಲ, 6ಕ್ಕಿಂತ ಹೆಚ್ಚಿಲ್ಲ. ಕೌಶಲ ಎಷ್ಟು ದೊಡ್ಡದೋ ಆ ದನಿ ಅಷ್ಟು ಹೆಚ್ಚು ಮಾತಾಡುತ್ತದೆ. ಎಂಪತಿ (ಪರರ ಮನಸ್ಸು ಅರಿಯುವ ಕೌಶಲ) ಕಡಿಮೆ ಇದ್ದವರಿಗೆ ಎದುರಿನ ಹೆಂಗಸು ಅಳು ತಡೆದುಕೊಂಡಿದ್ದಾಳೆ ಎಂಬ ಸಾಲು ಬರುವುದೇ ಇಲ್ಲ. ಬರಲಿಲ್ಲ ಎಂಬುದೂ ಅವರಿಗೆ ತಿಳಿಯುವುದಿಲ್ಲ. ಇದು ದಾಳವಿಲ್ಲದೆ ಹಿನ್ನೆಲೆಯಲ್ಲಿ ನಡೆಯುವ ಪರೀಕ್ಷೆ. ವಿಮರ್ಶೆಗಳಲ್ಲಿ ಇದರ ಪ್ರಸ್ತಾಪ ತೀರ ಕಡಿಮೆ, ಕಾಣದ್ದರ ಬಗ್ಗೆ ಬರೆಯುವುದು ಹೇಗೆ?

ಕಣ್ಣಿಗೆ ಕಾಣುವ ಪರೀಕ್ಷೆಯಲ್ಲಿ ಎರಡು ದಾಳ ಉರುಳುತ್ತವೆ. ದಾಳದ ಮೊತ್ತಕ್ಕೆ ಕೌಶಲದ ಅಂಕ ಕೂಡಿಸಿದಾಗ ನಿಗದಿತ ಸಂಖ್ಯೆ ಮುಟ್ಟಬೇಕು. ನಿಗದಿ 12, ನಿಮ್ಮ ಕೌಶಲ 4 ಎಂದಿರಲಿ. ದಾಳದಲ್ಲಿ 8 ಅಥವಾ ಹೆಚ್ಚು ಬೀಳಬೇಕು. ಎರಡು ದಾಳದ 36 ಜೋಡಿಗಳಲ್ಲಿ ಹಾಗೆ ಬೀಳುವುದು 15, ಅಂದರೆ ಶೇ. 42. ಕೌಶಲ ಒಂದು ಅಂಕ ಏರಿದರೆ 7 ಸಾಕು, ಶೇ. 58. ಇನ್ನೊಂದು ಏರಿದರೆ ಶೇ. 72. ಅದೇ 12 ಬೀಳಲೇಬೇಕಾದ ಪರೀಕ್ಷೆಯಲ್ಲಿ ಅವಕಾಶ ಶೇ. 3. ಒಂದು ಅಂಕ ಸೇರಿಸಿ 11ಕ್ಕೆ ಇಳಿಸಿದರೂ ಶೇ. 8 ಮಾತ್ರ. ನಡುಮಟ್ಟದಲ್ಲಿ ಒಂದು ಅಂಕಕ್ಕೆ 14-16 ಶೇಕಡಾ ಬೆಲೆ, ತುದಿಯಲ್ಲಿ ಐದೇ. ಎಟುಕದ ಪರೀಕ್ಷೆಗೆ ಅಂಕ ಸುರಿಯುವವರು ನಷ್ಟ ಮಾಡಿಕೊಳ್ಳುವುದು ಇಲ್ಲಿಯೇ. ಎರಡೂ ದಾಳ ಆರು ಬಿದ್ದರೆ ಗೆಲುವು ಖಂಡಿತ, ಎರಡೂ ಒಂದು ಬಿದ್ದರೆ ಸೋಲು ಖಂಡಿತ. ಆದ್ದರಿಂದ ಪರದೆಯ ಮೇಲೆ ಕಾಣುವ ಅವಕಾಶ ಶೇ. 3ಕ್ಕಿಂತ ಕೆಳಗಿಳಿಯುವುದಿಲ್ಲ, 97ರ ಮೇಲೇರುವುದೂ ಇಲ್ಲ.

ಪರೀಕ್ಷೆಯಲ್ಲಿ ಎರಡು ಬಣ್ಣ. ಬಿಳಿಯದ್ದು ಸೋತರೆ ಬೀಗ ಬೀಳುತ್ತದೆ, ಆ ಕೌಶಲಕ್ಕೆ ಒಂದು ಅಂಕ ಹಾಕಿದಾಗ ಮತ್ತೆ ತೆರೆಯುತ್ತದೆ. ಕೆಂಪು ಒಂದೇ ಸಲ. ಸೋತರೆ ಆ ಸೋಲಿನ ಮೇಲೆಯೇ ಕಥೆ ಮುಂದೆ ಸಾಗುತ್ತದೆ.

ಈಗ ವಿಮರ್ಶಕರತ್ತ ಬನ್ನಿ. ಶೇ. 58ರ ಐದು ಪರೀಕ್ಷೆಗಳನ್ನು ಸಾಲಾಗಿ ಗೆಲ್ಲುವವರು ನೂರಕ್ಕೆ ಏಳು ಮಂದಿ. ಉಳಿದ 93 ಮಂದಿ ಎಲ್ಲೋ ಒಂದು ಕಡೆ ಎಡವಿರುತ್ತಾರೆ, ಅದೂ ಬೇರೆ ಬೇರೆ ಕಡೆ. ಎಡವಿದ ಮೇಲೆ ಕಥೆ ತೆರೆಯುವ ದಾರಿ ಚೆನ್ನಾಗಿದ್ದರೆ ‘ಸೋಲೂ ಸೊಗಸು’ ಎಂದು ಬರೆಯುತ್ತಾರೆ, ಬಾಗಿಲು ಮುಚ್ಚಿಕೊಂಡರೆ ‘ಅದೃಷ್ಟದ ಆಟ’ ಎಂದು. ಎರಡೂ ನಿಜ. ಹೊಸ ಆಟವೊಂದು ‘ಅದರ ಥರ’ ಹೌದೋ ಅಲ್ಲವೋ ಎಂದು ತಿಳಿಯಲು ವಿಮರ್ಶೆಯಲ್ಲಿ ಹುಡುಕಬೇಕಾದ ಮೊದಲ ಸಂಗತಿಯೇ ಇದು: ಬರೆದವರು ಎಲ್ಲಿಯಾದರೂ ಸೋತರೇ? ಸೋತಾಗ ಏನಾಯಿತು? ಸೋತ ಒಂದು ದೃಶ್ಯವನ್ನೂ ವಿವರಿಸದ ವಿಮರ್ಶೆ ಎಂದರೆ ಒಂದೋ ಬರೆದವರು ಸೇವ್ ಮಾಡಿ, ಸೋತಾಗಲೆಲ್ಲ ಲೋಡ್ ಮಾಡಿ ಗೆಲ್ಲುವವರೆಗೆ ದಾಳ ಹಾಕಿದ್ದಾರೆ, ಇಲ್ಲವೇ ಆ ಆಟದಲ್ಲಿ ಸೋಲಿಗೆ ಬರವಣಿಗೆಯೇ ಇಲ್ಲ.

ಹತ್ತಿರದಿಂದ ಒಂದು ಉದಾಹರಣೆ ನೋಡೋಣ. ಆಟ ತೆರೆದುಕೊಳ್ಳುವುದು ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ. ಪತ್ತೇದಾರ ಒಳ ಉಡುಪಿನಲ್ಲಿ ನೆಲದ ಮೇಲೆ ಬಿದ್ದಿದ್ದಾನೆ, ಕುಡಿದದ್ದು ಇಳಿದಿಲ್ಲ. ಬಟ್ಟೆ ಕೋಣೆಯ ತುಂಬ ಚೆಲ್ಲಾಪಿಲ್ಲಿ, ಟೈ ಮೇಲೆ ತಿರುಗುವ ಫ್ಯಾನಿಗೆ ಸಿಕ್ಕಿಕೊಂಡಿದೆ. ಕೈಚಾಚಿ ಹಿಡಿಯಬಹುದು, ಅದಕ್ಕೊಂದು ಪರೀಕ್ಷೆ. ಆರೋಗ್ಯ ಎಷ್ಟು ಎಂಬುದು ಫಿಸೀಕ್‌ನಡಿಯ ಎಂಡ್ಯೂರೆನ್ಸ್ ಕೌಶಲದ ಅಂಕಕ್ಕೆ ಸಮ. ಫಿಸೀಕ್‌ಗೆ 1 ಮಾತ್ರ ಇಟ್ಟು ಬಂದವರಿಗೆ ಒಂದೇ ಪೆಟ್ಟಿನ ಜೀವ. ಹಾಗಿದ್ದವರು ಕೋಣೆಯ ಬಾಗಿಲು ದಾಟುವ ಮೊದಲೇ, ಟೈ ತೆಗೆಯಲು ಹೋಗಿ ಹೃದಯ ನಿಂತು ಸಾಯಬಹುದು. ಬೇಕೆಂದೇ ಮಾಡಿದ ಕುಚೋದ್ಯ ಇದು. ಇಲ್ಲಿ ಟೈ ತೆಗೆಯುವುದೂ ಅಪಾಯದ ಕೆಲಸ ಎಂದು ಆಟ ಮೊದಲ ನಿಮಿಷದಲ್ಲೇ ಹೇಳಿಬಿಡುತ್ತದೆ. ಈ ಸಾವನ್ನು ಕಂಡು ನಕ್ಕವರು ಬರೆಯುವ ವಿಮರ್ಶೆಯೇ ಬೇರೆ, ಸಿಟ್ಟುಗೊಂಡವರು ಬರೆಯುವುದೇ ಬೇರೆ. ಮೈಕಟ್ಟಿಗೆ 5 ಇಟ್ಟು ಬಂದವರಿಗೆ ಹೀಗೊಂದು ಸಾವು ಇದೆ ಎಂಬುದೇ ತಿಳಿದಿರುವುದಿಲ್ಲ.

ಹೊರಗೆ ಬಂದರೆ ಹಿತ್ತಿಲಿನ ಮರದಲ್ಲಿ ಏಳು ದಿನದಿಂದ ನೇತಾಡುತ್ತಿರುವ ಶವ. ಅದನ್ನು ಇಳಿಸುವುದೇ ತನಿಖೆಯ ಮೊದಲ ಕೆಲಸ. ನಾತಕ್ಕೆ ಹೊಟ್ಟೆ ತೊಳಸಿ ಹತ್ತಿರ ಹೋಗಲಾರದವರು ಇದ್ದಾರೆ, ಗುಂಡು ಹೊಡೆದು ಕೆಳಗೆ ಬೀಳಿಸುವವರು ಇದ್ದಾರೆ, ಬಂದರಿನ ಯೂನಿಯನ್ ಕಡೆಯವರಿಂದ ಕೆಲಸ ಮಾಡಿಸಿಕೊಳ್ಳುವವರೂ ಇದ್ದಾರೆ. ಜೊತೆಗಿರುವ ಲೆಫ್ಟಿನೆಂಟ್ ಕಿಮ್ ಕಿತ್ಸುರಾಗಿ ಒಂದಿಷ್ಟೂ ಹುಬ್ಬು ಕದಲಿಸದೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಈ ಆಟದ ಬಗ್ಗೆ ಒಳ್ಳೆಯದು ಬರೆದ ಹೆಚ್ಚಿನವರು ಅವನನ್ನು ಮರೆಯದೆ ಹೊಗಳಿದ್ದಾರೆ. ನಮ್ಮ ಅಂದಾಜಿನಲ್ಲಿ ಅದು 24 ಕೌಶಲಗಳಷ್ಟೇ ಮುಖ್ಯವಾದ ಸಂಗತಿ. ಒಳಗಿನ ಗದ್ದಲಕ್ಕೆ ಹೊರಗೆ ಒಂದು ಗಂಭೀರ ತಾಳ ಬೇಡವೇ? ಹೊಸ ಆಟಗಳು ಗದ್ದಲವನ್ನು ನಕಲು ಮಾಡುತ್ತವೆ, ತಾಳ ಹಿಡಿಯುವವನನ್ನು ಮರೆಯುತ್ತವೆ.

ಅಂಕಗಳ ವಿಷಯವನ್ನು ಚಿಕ್ಕದಾಗಿ ಹೇಳುವುದಾದರೆ, ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದ್ದು ಸರಳ ಸರಾಸರಿ ಅಲ್ಲ. ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಹಾಕುತ್ತದೆ, ಪಿಸಿ, ಪ್ಲೇಸ್ಟೇಷನ್ ಎಂದು ಪುಟಗಳನ್ನೂ ಬೇರೆಬೇರೆ ಇಡುತ್ತದೆ. ಅಂಥದ್ದೇ ಇನ್ನೊಂದು ತಾಣ ಓಪನ್‌ಕ್ರಿಟಿಕ್, ಸರಳ ಸರಾಸರಿಯ ಜೊತೆಗೆ ಎಷ್ಟು ಶೇಕಡಾ ವಿಮರ್ಶಕರು ಶಿಫಾರಸು ಮಾಡಿದರು ಎಂದೂ ತೋರಿಸುತ್ತದೆ. ಆಟ ಮಾರುವ ಸ್ಟೀಮ್ ಎಂಬ ತಾಣದಲ್ಲಿ ಕಾಣುವ ಶೇಕಡಾವಾರು ಅಂಕವೇ ಅಲ್ಲ, ‘ಹೌದು’ ಎಂದವರ ಪ್ರಮಾಣ ಅಷ್ಟೆ. ಎಲ್ಲರಿಗೂ ‘ಪರವಾಗಿಲ್ಲ’ ಎನಿಸಿದ ಆಟಕ್ಕೂ ಅಲ್ಲಿ 95 ಬರಬಹುದು.

ಇಲ್ಲಿ ಒಂದು ಮೋಜಿನ ಸಂಗತಿ ಉಂಟು. ಪಿಸಿಯಲ್ಲಿ 2019ರ ಡಿಸ್ಕೊ ಎಲಿಸಿಯಂಗೆ ಮೆಟಾಕ್ರಿಟಿಕ್ ಕೊಟ್ಟದ್ದು 91. 2021ರ ಮಾರ್ಚ್ 30ರಂದು ಬಂದ ‘ದಿ ಫೈನಲ್ ಕಟ್’ ಆವೃತ್ತಿಗೆ 97. ಆಟ ಆರು ಅಂಕ ಸುಧಾರಿಸಿತೇ? ಮೊದಲ ಆವೃತ್ತಿಯಲ್ಲಿ ಅಲ್ಲಲ್ಲಿ ಮಾತ್ರ ದನಿ ಇತ್ತು, ಎರಡನೆಯದರಲ್ಲಿ ಎಲ್ಲ ಮಾತಿಗೂ ದನಿ ಬಂತು, ರಾಜಕೀಯ ನಿಲುವಿಗೆ ತಕ್ಕ ಹೊಸ ಉಪಕಥೆಗಳು ಸೇರಿದವು. ಆದರೆ ಒಂದೂವರೆ ವರ್ಷ ಬಿಟ್ಟು ಮತ್ತೆ ವಿಮರ್ಶೆ ಬರೆಯಲು ಕೂತವರ ಸಂಖ್ಯೆ ಕಡಿಮೆ. ಮೊದಲ ಸಲ ಬೇಸರಪಟ್ಟವರು ಎರಡನೇ ಸಲ ಬರುವುದೂ ಕಷ್ಟ. 97ರಲ್ಲಿ ಆ ಸೋಸುವಿಕೆಯೂ ಸೇರಿದೆ ಎಂದು ನಮ್ಮ ಅನಿಸಿಕೆ. ಅದೇ ಆವೃತ್ತಿ ಪ್ಲೇಸ್ಟೇಷನ್‌ಗೆ ಬಂದಾಗ ಆರಂಭದ ದಿನಗಳಲ್ಲಿ ಬಗ್‌ಗಳ ದೂರು ಸಾಕಷ್ಟಿತ್ತು, ಪ್ಯಾಚ್‌ಗಳಿಂದ ಸರಿಪಡಿಸಬೇಕಾಯಿತು. ನೀವು ಯಾವ ಯಂತ್ರದಲ್ಲಿ ಆಡುತ್ತೀರೋ ಆ ಯಂತ್ರದಲ್ಲಿ ಆಡಿ ಬರೆದ ವಿಮರ್ಶೆಯನ್ನೇ ಹುಡುಕಿ. ತಾರೀಖು ನೋಡದೆ 2019ರ ಬರಹ ಓದಿ ‘ಇದರಲ್ಲಿ ದನಿ ಕಡಿಮೆಯಂತೆ’ ಎನ್ನುವುದು ಈಗಲೂ ನಡೆದೇ ಇದೆ.

ಸ್ಟೀಮ್‌ನ ಬಳಕೆದಾರರ ವಿಮರ್ಶೆಗಳಲ್ಲಿ ನಿಜಕ್ಕೂ ಉಪಯೋಗವಾಗುವುದು ಪಕ್ಕದಲ್ಲಿರುವ ಗಂಟೆಯ ಲೆಕ್ಕ. ವಿಮರ್ಶೆ ಬರೆಯುವಾಗ ಅವರು ಎಷ್ಟು ಗಂಟೆ ಆಡಿದ್ದರು ಎಂದು ಅಲ್ಲಿ ತೋರಿಸುತ್ತದೆ. ಬಿಡುಗಡೆಯ ಮೊದಲ ದಿನ ಮೂರು ಗಂಟೆ ಆಡಿ ‘ಮಾಸ್ಟರ್‌ಪೀಸ್’ ಎಂದವರನ್ನು ಬಿಟ್ಟು, ಇಪ್ಪತ್ತು ಗಂಟೆ ದಾಟಿದ ಮೇಲೂ ಹೆಬ್ಬೆರಳು ಕೆಳಗೆ ಮಾಡಿದವರನ್ನು ಓದಿ. ಇಪ್ಪತ್ತು ಗಂಟೆ ಸಹಿಸಿಕೊಂಡವರ ದೂರಿನಲ್ಲಿ ಸಾಮಾನ್ಯವಾಗಿ ಕಾರಣ ಇರುತ್ತದೆ.

ಇನ್ನು ‘ಪತ್ತೇದಾರಿ’ ಎಂಬ ಪದ. ಎಲ್ಲ ಆಟಗಳೂ ಅದನ್ನು ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಈ ಗೊಂದಲದಿಂದ ನಿರಾಸೆಯಾದವರು ಬಹಳ. 2018ರ ‘ರಿಟರ್ನ್ ಆಫ್ ದಿ ಒಬ್ರಾ ಡಿನ್’ನಲ್ಲಿ ಹಡಗಿನ 60 ಮಂದಿಗೆ ಏನಾಯಿತು ಎಂದು ಆಡುವವರೇ ಕಂಡುಹಿಡಿಯಬೇಕು. ಮೂರು ಮಂದಿಯ ಉತ್ತರ ಸರಿಯಾದಾಗ ಮಾತ್ರ ಆಟ ಒಟ್ಟಿಗೆ ಒಪ್ಪಿಕೊಳ್ಳುತ್ತದೆ, ಒಂದೊಂದನ್ನೇ ಊಹಿಸಿ ದಾಟುವುದನ್ನು ತಡೆಯಲು. ಅಲ್ಲಿ ತರ್ಕ ನಿಮ್ಮದು. 2011ರ ‘ಎಲ್.ಎ. ನುವಾರ್’ನಲ್ಲಿ ಸಾಕ್ಷಿಯ ಮುಖ ನೋಡಿ ನಿಜ, ಸಂಶಯ, ಸುಳ್ಳು ಎಂದು ಆರಿಸಬೇಕಿತ್ತು. ‘ಸಂಶಯ’ ಒತ್ತಿದರೆ ನಾಯಕ ಏಕಾಏಕಿ ಕಿರುಚಾಡುತ್ತಿದ್ದ. ಒತ್ತಿದವರ ಮನಸ್ಸಿನಲ್ಲಿದ್ದದ್ದಕ್ಕೂ ಅವನು ಮಾಡಿದ್ದಕ್ಕೂ ತಾಳೆಯೇ ಇರುತ್ತಿರಲಿಲ್ಲ, 2017ರ ಮರುಬಿಡುಗಡೆಯಲ್ಲಿ ಆ ಹೆಸರುಗಳನ್ನೇ ಬದಲಿಸಿದರು. 2022ರ ‘ಪೆಂಟಿಮೆಂಟ್’ ಇನ್ನೊಂದು ದಾರಿ ಹಿಡಿದಿದೆ. ಹದಿನಾರನೇ ಶತಮಾನದ ಬವೇರಿಯಾದ ಊರಿನಲ್ಲಿ ಕೊಲೆ, ತನಿಖೆಗೆ ಸಮಯ ಸಾಲದು, ನೀವು ಬೊಟ್ಟು ಮಾಡಿದವರಿಗೆ ಶಿಕ್ಷೆ. ನೀವು ಹೇಳಿದ್ದು ಸರಿಯೇ ಎಂದು ಆಟ ಬಾಯಿ ಬಿಡುವುದಿಲ್ಲ.

ಡಿಸ್ಕೊ ಎಲಿಸಿಯಂನಲ್ಲಿ ತರ್ಕ ಮಾಡುವುದು ಪಾತ್ರದ ಲಾಜಿಕ್ ಕೌಶಲ, ನೀವಲ್ಲ. ಸುಳಿವುಗಳನ್ನು ಕೂಡಿಸಿ ಕೊಲೆಗಾರನನ್ನು ಹಿಡಿಯುವ ಹಟದಿಂದ ಬಂದವರಿಗೆ ಇದು ಕೈಗೆ ಬಂದ ತುತ್ತನ್ನು ಇನ್ನೊಬ್ಬ ಉಂಡಂತೆ ಅನಿಸೀತು. ಆದ್ದರಿಂದ ಹೊಸ ಆಟದ ವಿಮರ್ಶೆ ಓದುವಾಗ ಕೇಳಬೇಕಾದ ಪ್ರಶ್ನೆ: ತೀರ್ಮಾನ ಆಡುವವರ ತಲೆಯಲ್ಲಿ ಹುಟ್ಟುತ್ತದೆಯೇ, ಪಾತ್ರದ ಅಂಕದಿಂದ ಬರುತ್ತದೆಯೇ? ತಪ್ಪಾದವರನ್ನು ಹಿಡಿದರೂ ಕಥೆ ಮುಗಿಯಬಲ್ಲುದೇ? ಇವೆರಡಕ್ಕೂ ಉತ್ತರ ಸಿಗದ ವಿಮರ್ಶೆಯಿಂದ ಕೊಳ್ಳುವವರಿಗೆ ಪ್ರಯೋಜನವಿಲ್ಲ, ಎಷ್ಟೇ ಚೆಂದದ ಗದ್ಯವಾದರೂ.

ಭಾಷೆಯ ಮಾತು ನಮಗೆ ಮುಖ್ಯ. ಚೀನೀ, ರಷ್ಯನ್, ಸ್ಪ್ಯಾನಿಷ್ ಮುಂತಾದವುಗಳಲ್ಲಿ ಆಟ ಸಿಗುತ್ತದೆ, ಕನ್ನಡ, ಮಲಯಾಳ ಯಾವುದರಲ್ಲೂ ಇಲ್ಲ. ಇಂಗ್ಲಿಷೂ ಸುಲಭದ್ದಲ್ಲ: ನಡುವೆ ಫ್ರೆಂಚಿನಂಥ ಪದಗಳು, ಬೀದಿ ಬೈಗುಳ, ಸಿದ್ಧಾಂತದ ಚರ್ಚೆ, ಕಲ್ಪನೆಯ ದೇಶಗಳ ಹೆಸರು. ನಿಮಿಷಕ್ಕೆ 250 ಪದ ಓದುವ ವಿಮರ್ಶಕರ 30 ಗಂಟೆ, 170 ಪದ ಓದುವವರಿಗೆ ಸುಮಾರು 45 ಗಂಟೆ. ‘ನಿಧಾನ’ ಎಂದು ವಿಮರ್ಶಕರೇ ಬರೆದಿದ್ದರೆ ಆ ನಿಧಾನವನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ. ಫೈನಲ್ ಕಟ್‌ನ ದನಿ ಇಲ್ಲಿ ಸಹಾಯಕ್ಕೆ ಬರುತ್ತದೆ, ಓದುತ್ತಾ ಕೇಳಿದರೆ ವ್ಯಂಗ್ಯ ತಪ್ಪಿಹೋಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಗಡಿನಾಡಿನವರು ಮುಂದಿದ್ದಾರೆ. ಆಟದ ನಗರ ರೆವಶೋಲ್ ಹೊರಗಿನವರ ಆಡಳಿತದಲ್ಲಿರುವ, ಹಲವು ಜನಾಂಗ ಹಲವು ನುಡಿ ಬೆರೆತ ಊರು. ಯಾರು ಯಾರೊಡನೆ ಯಾವ ಧಾಟಿಯಲ್ಲಿ ಮಾತಾಡುತ್ತಾರೆ, ಎಲ್ಲಿ ಧಾಟಿ ಬದಲಾಯಿಸುತ್ತಾರೆ ಎಂಬುದರಲ್ಲೇ ಅರ್ಧ ಸುಳಿವು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ವಿಲೇಜ್ ಆಫೀಸಿನಲ್ಲಿ ಮಲಯಾಳ ಎಂದು ದಿನಕ್ಕೆ ಮೂರು ಸಲ ನಾಲಿಗೆ ತಿರುಗಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಳ್ಳುವುದೇ ಎಂದಾದರೆ ಕೆಲವು ವ್ಯಾವಹಾರಿಕ ಸಂಗತಿಗಳು. ಆಟಕ್ಕೆ ಸುಮಾರು 20 ಜಿಬಿ ಜಾಗ ಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನ ಹಾಟ್‌ಸ್ಪಾಟಿನಲ್ಲಿ ಇಳಿಸಿದರೆ ಹತ್ತು ದಿನದ ಪ್ಯಾಕ್ ಅದಕ್ಕೇ ಹೋದೀತು, ಬ್ರಾಡ್‌ಬ್ಯಾಂಡ್ ಇರುವಲ್ಲಿ ಲ್ಯಾಪ್‌ಟಾಪ್ ಒಯ್ದು ಇಳಿಸಿಕೊಳ್ಳುವುದು ಲೇಸು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಡೆಸ್ಕ್‌ಟಾಪಿನಲ್ಲಿ ಆಡುವವರು ಆಟೊಸೇವ್ ನಂಬಿ ಕೂರಬಾರದು. ಉದ್ದದ ಸಂಭಾಷಣೆಯ ನಡುವೆ ಕರೆಂಟು ಹೋದರೆ ಅರ್ಧ ಗಂಟೆಯ ಓದು ನೀರುಪಾಲು. ಮಾತಿಗೆ ಕೂರುವ ಮೊದಲು ಕೈಯಾರೆ ಸೇವ್ ಮಾಡಿ. ಆಟದೊಳಗಿನ ಗಡಿಯಾರ ಮಾತಾಡುವಾಗ, ಓದುವಾಗ ಮಾತ್ರ ಓಡುತ್ತದೆ. ಸುಮ್ಮನೆ ಓಡಾಡಿದರೆ ಹೊತ್ತು ಹೋಗುವುದಿಲ್ಲ, ಅವಸರ ಬೇಡ. ಮೊದಲ ದಿನದ ಕೋಣೆ ಬಾಡಿಗೆಗೆ ದುಡ್ಡು ಸಾಲದಿದ್ದರೆ ಬೀದಿಯ ಖಾಲಿ ಬಾಟಲಿ ಹೆಕ್ಕಿ ಮಾರಿ. ಕೌಶಲದ ಅಂಕ ಸಿಕ್ಕ ಕೂಡಲೇ ಖರ್ಚು ಮಾಡಬೇಡಿ, ಒಂದನ್ನಾದರೂ ಕೈಯಲ್ಲಿಟ್ಟುಕೊಳ್ಳಿ, ಬೀಗ ಬಿದ್ದ ಬಿಳಿ ಪರೀಕ್ಷೆಗೆ ಅದೇ ಕೀಲಿ. ಪರೀಕ್ಷೆಗೆ ಮೊದಲು ಬಟ್ಟೆ ಬದಲಿಸಿ ನೋಡಿ, ಕೆಲವು ಉಡುಪುಗಳು ಕೌಶಲಕ್ಕೆ ಒಂದು ಅಂಕ ಕೂಡಿಸುತ್ತವೆ. ಆ ಒಂದು ಅಂಕದ ಬೆಲೆ ಮೇಲೆ ಹೇಳಿದ್ದೇ.

ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ದುಡ್ಡು ವಾಪಸು ಕೇಳಬಹುದು. ಎಲ್ಲ ಮಾತೂ ಓದಿಕೊಂಡು ಹೋಗುವವರಿಗೆ ಎರಡು ಗಂಟೆಯಲ್ಲಿ ಶವ ಮರದಿಂದ ಇಳಿದಿರುವುದೂ ಸಂಶಯ. ಕಥೆ ಹೇಗಿದೆ ಎಂದು ಅಷ್ಟರಲ್ಲಿ ನಿರ್ಧರಿಸಲು ಹೋಗಬೇಡಿ. ಅಕ್ಷರ ನಿಮ್ಮ ಪರದೆಯಲ್ಲಿ ಕಣ್ಣಿಗೆ ಒಗ್ಗುತ್ತದೆಯೇ, ಯಂತ್ರ ಕಾಯ್ದು ಕೆಂಡವಾಗುತ್ತದೆಯೇ, ಪುಟಕ್ಕೆ ಎಷ್ಟು ಸಲ ನಿಘಂಟು ತೆರೆಯಬೇಕಾಗುತ್ತದೆ, ಇಷ್ಟನ್ನು ಆ ಎರಡು ಗಂಟೆಯಲ್ಲಿ ನೋಡಿಕೊಳ್ಳಿ.